ಅಪ್ಪನ ನೆನಪಿಗೆ ವರ್ಷಕ್ಕೊಂದು ರೇಸು

ಪ್ರಶ್ನೆ: ನಮ್ಮ ತಂದೆಯವರು ದಾವಣಗೆರೆಯ ಪಿ.ಬಿ. ರಸ್ತೆಯ ಪಕ್ಕದಲ್ಲಿ ನಲವತ್ತು ವರ್ಷ ಬೈಕುಗಳ ಗ್ಯಾರೇಜು ನಡೆಸಿದವರು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಎಂದರೆ ಅವರಿಗೆ ಪ್ರಾಣ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ಯಾವ ಬೇರಿಂಗು ಹೋಗಿದೆ ಎಂದು ಹೇಳುತ್ತಿದ್ದರು. ಹರೆಯದಲ್ಲಿ ಮದ್ರಾಸಿನ ಬಳಿಯ ಶೋಳಾವರಂ ರೇಸಿಗೆ ಹೋಗುತ್ತಿದ್ದ ಅವರು, ಮುಂದೆ ಪ್ರತಿ ವರ್ಷ ನನ್ನನ್ನು ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಕರೆದುಕೊಂಡು ಹೋದರು. 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ನಡೆದ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ ಒನ್ ಕಾರು ರೇಸನ್ನೂ ಇಬ್ಬರೂ ನೋಡಿ ಬಂದೆವು. 2016ರಲ್ಲಿ ಅವರು ತೀರಿಕೊಂಡರು. ಕೊರೊನಾ ಕಾಲವೊಂದನ್ನು ಬಿಟ್ಟು ಅಂದಿನಿಂದ ಪ್ರತಿ ವರ್ಷ ಅವರ ಹಳೆಯ ಟೋಪಿ ಧರಿಸಿ ನಾನೊಬ್ಬನೇ ರೇಸಿಗೆ ಹೋಗುತ್ತೇನೆ. ‘ಇದು ಶೋಕಿ, ಆ ಹಣದಲ್ಲಿ ಪುಣ್ಯತಿಥಿಗೆ ನಾಲ್ಕು ಜನಕ್ಕೆ ಊಟ ಹಾಕಿಸು’ ಎನ್ನುತ್ತಾನೆ ತಮ್ಮ. ತಾಯಿ ಏನೂ ಹೇಳುವುದಿಲ್ಲ. ಮೊದಲಿನಂತೆಯೇ ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿಕೊಡುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ? ಈ ವರ್ಷ ಒಂಬತ್ತು ವರ್ಷದ ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ. ಕರೆದೊಯ್ಯಬಹುದೇ?

— ಓದುಗರೊಬ್ಬರು, ದಾವಣಗೆರೆ

ಉತ್ತರ: ತಪ್ಪೇನೂ ಇಲ್ಲ. ನಮ್ಮ ಸೀಮೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಹುಡುಕಿ ಇಡುತ್ತೇವೆ. ಹೋಳಿಗೆಯ ಪಕ್ಕದಲ್ಲಿ ಎಲೆ ಅಡಿಕೆ, ಬೀಡಿ ಇಟ್ಟ ಮನೆಗಳನ್ನೂ ನಾನು ಕಂಡಿದ್ದೇನೆ. ಇಡೀ ಆಯುಷ್ಯ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಬದುಕಿದ ಮನುಷ್ಯನಿಗೆ ಎಂಜಿನ್ನಿನ ಸದ್ದನ್ನೇ ಎಡೆಯಾಗಿ ಇಡುವ ಮಗನನ್ನು ಶೋಕಿಯವನೆಂದು ನಾನು ಕರೆಯಲಾರೆ. ರೇಸು ತಿಥಿಯ ದಿನ ಬರುವುದಿಲ್ಲವೆಂದು ಕೊರಗುವುದೂ ಬೇಡ. ತಿಥಿಯ ದಿನ ಮನೆಯಲ್ಲಿ ಆಗಬೇಕಾದುದು ಆಗಲಿ, ತಮ್ಮ ಹೇಳುವಂತೆ ಊಟವನ್ನೂ ಹಾಕಿಸಿ.

ನೀವು ಹೋಗುವ ದಾರಿಯ ಬಗ್ಗೆಯೂ ಒಂದು ಮಾತು ಹೇಳಬೇಕೆನಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ನಡೆಯುತ್ತಿದ್ದ ಶೋಳಾವರಂ ರೇಸು ನಿಂತ ಮೇಲೆ, 1990ರಲ್ಲಿ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕು ಆರಂಭವಾಯಿತು. ಸುಮಾರು 3.7 ಕಿಲೋಮೀಟರ್ ಸುತ್ತಿನ ಈ ಟ್ರ್ಯಾಕಿನ ಬಳಿ ಹಾದುಹೋಗುವುದು, ಇಂದು 48ನೆಯ ರಾಷ್ಟ್ರೀಯ ಹೆದ್ದಾರಿ ಎಂದು ಕರೆಯಲಾಗುವ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಹೊಸೂರುಗಳನ್ನು ದಾಟಿ ಬರುವ ಅದೇ ರಸ್ತೆ. ನಿಮ್ಮ ಊರಿನ ಅಂಚಿನಲ್ಲಿ ಹತ್ತಿದ ಹೆದ್ದಾರಿಯೇ ನಿಮ್ಮನ್ನು ರೇಸಿನ ಬಾಗಿಲಿಗೆ ತಂದು ಬಿಡುತ್ತದೆ.

ನೋಯ್ಡಾ ಪ್ರಯಾಣಕ್ಕೂ ಬೆಲೆ ಕಟ್ಟಲಾಗದು. 2011ರ ಅಕ್ಟೋಬರ್ 30ರಂದು, ದೀಪಾವಳಿ ಮುಗಿದ ವಾರದಲ್ಲೇ, 5.125 ಕಿಲೋಮೀಟರ್ ಟ್ರ್ಯಾಕಿನಲ್ಲಿ 60 ಸುತ್ತು ನಡೆದ ಆ ಸ್ಪರ್ಧೆಯನ್ನು ಸೆಬಾಸ್ಟಿಯನ್ ವೆಟೆಲ್ ಗೆದ್ದರು. 2012 ಮತ್ತು 2013ರಲ್ಲೂ ಅವರೇ ಗೆದ್ದರು, ಅಲ್ಲಿಗೆ ಅದು ನಿಂತಿತು. ಆಗಿನ ಫಾರ್ಮುಲಾ ಒನ್ ಕಾರುಗಳಲ್ಲಿ ಇದ್ದದ್ದು ನಿಮಿಷಕ್ಕೆ 18,000 ಸುತ್ತು ತಿರುಗುವ, ಎಂಟು ಸಿಲಿಂಡರಿನ ವಿ8 ಎಂಜಿನ್ನು. 2014ರಿಂದ ಅದರ ಜಾಗಕ್ಕೆ ಆರು ಸಿಲಿಂಡರಿನ ಟರ್ಬೊ ಎಂಜಿನ್ನು ಬಂದು ಸದ್ದು ತಗ್ಗಿತು. ಸ್ಕ್ರೂಡ್ರೈವರಿನ ಹಿಡಿಯಲ್ಲಿ ಬೇರಿಂಗಿನ ನರಳಾಟ ಕೇಳುತ್ತಿದ್ದ ಕಿವಿಗೆ ಆ ಹಳೆಯ ಎಂಜಿನ್ನಿನ ಕೂಗು, ಅದು ಮರೆಯಾಗುವ ಮೊದಲು, ನಮ್ಮ ದೇಶದ ನೆಲದಲ್ಲೇ ಕೇಳಿಸಿತಲ್ಲ ಎಂದು ಓದಿ ನನಗೆ ನಿಜವಾಗಿ ಸಂತೋಷವಾಯಿತು.

ಮಗಳನ್ನು ಅಗತ್ಯವಾಗಿ ಕರೆದೊಯ್ಯಿರಿ, ಆದರೆ ಅವಳ ಕಿವಿಯನ್ನು ಕಾಪಾಡಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಯವರೆಗೆ ಕೇಳಬಹುದೆಂಬುದು ದೊಡ್ಡವರಿಗೆ ಹಾಕಿದ ಲೆಕ್ಕ. ಅದರ ಮೇಲೆ ಮೂರು ಡೆಸಿಬಲ್ ಏರಿದಾಗಲೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತ, 100 ಡೆಸಿಬಲ್ ತಲುಪುವಾಗ ಹದಿನೈದೇ ನಿಮಿಷ ಉಳಿಯುತ್ತದೆ. ಹತ್ತಿಯ ಉಂಡೆ ಇದಕ್ಕೆ ಸಾಲದು. ಕಿವಿಯನ್ನು ಪೂರ್ತಿ ಮುಚ್ಚುವ, ಮಕ್ಕಳ ಅಳತೆಯ ಇಯರ್ ಮಫ್ ಕೊಳ್ಳಿ, ಮನೆಯಲ್ಲೇ ಒಂದೆರಡು ದಿನ ಹಾಕಿಸಿ ರೂಢಿ ಮಾಡಿಸಿ. ನೆತ್ತಿಗೊಂದು ಟೋಪಿ, ಕೈಗೊಂದು ನೀರಿನ ಬಾಟಲಿ ಇರಲಿ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಸಾಲು. ತಾಯಿ ಏನೂ ಹೇಳುವುದಿಲ್ಲ, ಬುತ್ತಿ ಕಟ್ಟಿಕೊಡುತ್ತಾರೆ ಎಂದು ಬರೆದಿದ್ದೀರಿ. ಎಷ್ಟು ವರ್ಷಗಳಿಂದ ಆ ತಾಯಿ ಗಂಡನಿಗೆ, ಆಮೇಲೆ ಗಂಡ ಮತ್ತು ಮಗನಿಗೆ, ಈಗ ಮಗನೊಬ್ಬನಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಕಟ್ಟಿ ಆ ರೇಸಿಗೆ ಕಳಿಸುತ್ತಿದ್ದಾರೆ! ಅವರು ಒಮ್ಮೆಯಾದರೂ ಅದನ್ನು ನೋಡಿದ್ದಾರೆಯೇ? ‘ನೀನೂ ಬರುತ್ತೀಯಾ ಅವ್ವ’ ಎಂದು ನೀವಾಗಲಿ, ನಿಮ್ಮ ತಂದೆಯಾಗಲಿ ಕೇಳಿದ್ದುಂಟೇ? ನಿಮ್ಮ ತಮ್ಮನ ಮಾತಿನಲ್ಲೂ ನನಗೆ ಕೇಳಿಸುವುದು ಖರ್ಚಿನ ಸಂಕಟಕ್ಕಿಂತ, ಅಪ್ಪ ಅಣ್ಣನನ್ನು ಕರೆದೊಯ್ದರು, ತನ್ನನ್ನು ಬಿಟ್ಟರು ಎಂಬ ಹಳೆಯ ನೋವು. ಪತ್ರದಲ್ಲಿ ಎಲ್ಲಿಯೂ ಅವನು ಜೊತೆಗೆ ಹೋದ ಪ್ರಸ್ತಾಪವಿಲ್ಲ. ಅಪ್ಪ ನಿಮ್ಮ ತಾಯಿಗೂ ತಮ್ಮನಿಗೂ ಸೇರಿದವರು. ಒಬ್ಬರೇ ಹೋಗಿ ಬರುವ ಈ ಪದ್ಧತಿಯಲ್ಲಿ, ಗೊತ್ತಿಲ್ಲದೆಯೇ, ನೀವು ಅವರನ್ನು ನಿಮಗೊಬ್ಬರಿಗೇ ಇಟ್ಟುಕೊಂಡಂತಾಗಿದೆ.

ಈ ಬಾರಿ ರೇಸಿನ ದಿನಾಂಕ ಪ್ರಕಟವಾದ ಕೂಡಲೇ ನಾಲ್ವರೂ ಹೊರಡುವ ಏರ್ಪಾಡು ಮಾಡಿ. ದಾವಣಗೆರೆಯಿಂದ ಅಲ್ಲಿಗೆ ಸುಮಾರು 550 ಕಿಲೋಮೀಟರ್ ಆಗುವುದರಿಂದ ತಾಯಿಯವರನ್ನು ಒಂದೇ ಓಟಕ್ಕೆ ಕೂರಿಸಬೇಡಿ. ಬೆಂಗಳೂರಿನಲ್ಲೋ ಹೊಸೂರಿನಲ್ಲೋ ರಾತ್ರಿ ತಂಗಿ, ಟ್ರ್ಯಾಕಿನಲ್ಲಿ ನೆರಳಿನ ಜಾಗ ಹಿಡಿಯಿರಿ. ಅಪ್ಪನ ಟೋಪಿಯನ್ನು ತಮ್ಮನ ಕೈಗೆ ಕೊಡಿ. ಬುತ್ತಿಯನ್ನು ಈ ಸಲ ಅಣ್ಣತಮ್ಮಂದಿರೇ ಎದ್ದು ಕಟ್ಟಿ, ಅವ್ವ ಸ್ವಲ್ಪ ಹೊತ್ತು ಮಲಗಿರಲಿ.