ಹಳೆಯ ಕಾದಂಬರಿ ಓದಲೋ, ವ್ಯಕ್ತಿತ್ವ ವಿಕಸನದ ಪುಸ್ತಕ ಓದಲೋ?

ಡಿಗ್ರಿ ಮುಗಿದಿದೆ, ಓದಲು ಸಿಗುವ ಹೊತ್ತು ಕಡಿಮೆ, ಹಳೆಯ ಕಾದಂಬರಿಗಳಿಂದ ಏನು ಲಾಭ ಅಂತ ಕೇಳಿದ್ದೀರಿ. ಎರಡನ್ನೂ ಓದಿ. ಆದರೆ ಎರಡನ್ನೂ ಒಂದೇ ಥರ ಓದಬೇಡಿ.

ನನ್ನದು ಹಾಸನದಲ್ಲಿ ಗೊಬ್ಬರ, ಔಷಧಿ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆ, ನನ್ನ ಓದೆಲ್ಲ ಆಗಲೇ.

ವಿಕಸನದ ಪುಸ್ತಕಗಳನ್ನು ನಾನು ಹಳಿಯುವುದಿಲ್ಲ. ಡೇಲ್ ಕಾರ್ನೆಗಿಯ 'ಹೌ ಟು ವಿನ್ ಫ್ರೆಂಡ್ಸ್' ಬಂದದ್ದು 1936ರಲ್ಲಿ. ಜನರ ಹೆಸರು ನೆನಪಿಟ್ಟು ಹೆಸರಿನಿಂದಲೇ ಮಾತಾಡಿಸಿ ಅನ್ನುತ್ತಾನೆ. ಅಮೆರಿಕಕ್ಕೆ ಸರಿ. ಇಲ್ಲಿ ಅರವತ್ತು ದಾಟಿದವರನ್ನು ಹೆಸರು ಹಿಡಿದು ಕರೆದರೆ ಮತ್ತೆ ಅಂಗಡಿ ಮೆಟ್ಟಿಲು ಹತ್ತುತ್ತಾರಾ? ನಾನು ಊರನ್ನು ನೆನಪಿಟ್ಟುಕೊಳ್ಳುತ್ತೇನೆ. "ಏನಣ್ಣ, ದುದ್ದದ ಕಡೆ ಮಳೆ ಆಯ್ತಾ?" ಅಂದರೆ ಸಾಕು, ಮುಖ ಅರಳುತ್ತದೆ. 'ಅಟಾಮಿಕ್ ಹ್ಯಾಬಿಟ್ಸ್'ನಲ್ಲಿ ಹೊಸ ಅಭ್ಯಾಸವನ್ನು ಎರಡೇ ನಿಮಿಷದ ಕೆಲಸವಾಗಿ ಶುರು ಮಾಡಿ ಅನ್ನುವ ಮಾತಿದೆ. ಬಾಗಿಲು ಹಾಕುವ ಮುಂಚೆ ಉದ್ರಿ ಲೆಕ್ಕ ಬರೆಯುವುದು ನನಗೆ ರೂಢಿಯಾಗಿದ್ದು ಹಾಗೆ. ಉಳಿದಂತೆ ಹೇಳಿದ್ದನ್ನೇ ಹೇಳುತ್ತಾರೆ, ಪುಟ ಹಾರಿಸಿ ಓದಿ, ಪಾಪ ಬರಲ್ಲ. 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಓದಿಕೊಂಡು ಸ್ವಂತ ಮನೆ ಆಸ್ತಿಯೇ ಅಲ್ಲ ಅಂತ ಅಪ್ಪನ ಮುಂದೆ ಹೇಳಲು ಮಾತ್ರ ಹೋಗಬೇಡಿ.

ಇವುಗಳಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಸರಿಯಾಗಿ ದುಡಿದರೆ ಫಲ ಸಿಕ್ಕೇ ಸಿಗುತ್ತದೆ ಅನ್ನುವ ಧಾಟಿ. ನಮ್ಮ ಕಡೆ ಆಲೂಗೆಡ್ಡೆ ಹಾಕುವವರನ್ನು ಕೇಳಿ. ಒಳ್ಳೆ ಬಿತ್ತನೆ ತರುತ್ತಾರೆ, ಹೊತ್ತಿಗೆ ಸರಿಯಾಗಿ ಗೊಬ್ಬರ ಕೊಡುತ್ತಾರೆ, ಔಷಧಿ ಹೊಡೆಯುತ್ತಾರೆ. ಆಮೇಲೆ ಮೋಡ ಮುಚ್ಚಿ, ಜಡಿಮಳೆ ಹಿಡಿದು, ಅಂಗಮಾರಿ ಬಿದ್ದರೆ ಕೆಲವೇ ದಿನದಲ್ಲಿ ಹೊಲವೆಲ್ಲ ಕಪ್ಪು. ಆ ರೈತನಲ್ಲಿ ಯಾವ ಒಳ್ಳೆಯ ಅಭ್ಯಾಸ ಕಡಿಮೆ ಇತ್ತು?

ಇದಕ್ಕೆ ಭೈರಪ್ಪನವರ 'ಗೃಹಭಂಗ' ಓದಬೇಕು. 1970ರ ಕಾದಂಬರಿ. ಅವರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಅದರಲ್ಲಿ ಬರುವ ನಂಜಮ್ಮನಿಗೆ ಯಾವ ವಿಕಸನದ ಪುಸ್ತಕವೂ ಹೊಸದಾಗಿ ಏನನ್ನೂ ಹೇಳಿಕೊಡಲಾರದು. ಗಂಡ ಕೈಲಾಗದವನು, ಅವನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಕಾಸು ಮಾಡುತ್ತಾಳೆ. ಅತ್ತೆ ಗಂಗಮ್ಮನ ಬಾಯಿಯನ್ನೂ ತಡೆದುಕೊಳ್ಳುತ್ತಾಳೆ. ಇಷ್ಟೆಲ್ಲ ಮಾಡಿ ಮಕ್ಕಳನ್ನು ದಡ ಸೇರಿಸಿದಳು ಅನ್ನುವಷ್ಟರಲ್ಲಿ ಪ್ಲೇಗು ಬರುತ್ತದೆ. ಆ ಪುಟಗಳನ್ನು ಓದುವಾಗ ಯೂರಿಯಾ ಕೇಳಲು ಬಂದವರು ಎರಡು ಸಲ ಕೂಗಬೇಕಾಯಿತು.

ಬೆಳೆ ಕೈಕೊಟ್ಟು ಉದ್ರಿ ಮುಂದಕ್ಕೆ ಹಾಕಿ ಅಂತ ಬರುವವರಿಗೆ ನಾನೀಗ ಬುದ್ಧಿ ಹೇಳಲು ಹೋಗುವುದಿಲ್ಲ. ಸುಮ್ನೆ ಕೂರಿಸಿ ಕಾಫಿ ತರಿಸುತ್ತೇನೆ. ವಸೂಲಿ ನಿಧಾನವಾಗಿದೆ, ಅದೂ ನಿಜ.

ನಿಮಗೆ ಸಮಯ ಕಡಿಮೆ ಅಲ್ವಾ, ತೇಜಸ್ವಿಯವರ 'ಕರ್ವಾಲೋ'ದಿಂದ ಶುರು ಮಾಡಿ. ಚಿಕ್ಕ ಪುಸ್ತಕ. ಮೂಡಿಗೆರೆಯ ಜೇನು ಸೊಸೈಟಿಯಿಂದ ಹೊರಟ ಕಥೆ ಹಾರುವ ಓತಿಯನ್ನು ಹುಡುಕುತ್ತಾ ಕಾಡಿಗೆ ಹೋಗುತ್ತದೆ, ನಗುನಗುತ್ತಲೇ ಮುಗಿಯುತ್ತದೆ. ಆಮೇಲೆ 'ಗೃಹಭಂಗ'. 'ಮಲೆಗಳಲ್ಲಿ ಮದುಮಗಳು' ಮೊದಲಿಗೇ ಬೇಡ. ಅಷ್ಟೊಂದು ಮನೆ, ಅಷ್ಟೊಂದು ಜನ, ಯಾರು ಯಾರ ಕಡೆಯವರು ಅಂತ ತಿಳಿಯುವಷ್ಟರಲ್ಲೇ ಎಷ್ಟೋ ಪುಟ ದಾಟಿರುತ್ತದೆ. ಅದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.