ಬೆಂಚಿನಿಂದ ಎದ್ದು ಬಂದವನ ಕೈಗೆ ಚೆಂಡು

ಓದುಗರ ಪತ್ರ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳಲ್ಲಿ ನನಗೆ ಅರ್ಥವಾಗದ ಒಂದು ದೃಶ್ಯವಿದೆ. ಕ್ವಾರ್ಟರ್ (ಪಂದ್ಯದ ಕಾಲು ಭಾಗ) ಮುಗಿಯಲು ಇಪ್ಪತ್ತು ಸೆಕೆಂಡ್ ಇರುವಾಗ ಬೆಂಚಿನಿಂದ ಬಂದ ಒಬ್ಬ ಚೆಂಡು ಕುಟ್ಟುತ್ತಾ ನಿಲ್ಲುತ್ತಾನೆ. ಉಳಿದ ನಾಲ್ವರು ಮೂಲೆಗಳಲ್ಲಿ ಕಂಬಗಳ ಹಾಗೆ. ಕೊನೆಗೆ ಮೈಮೇಲೆ ಬಿದ್ದ ಡಿಫೆಂಡರ್‌ನ ತಲೆಯ ಮೇಲಿಂದ ಒಂದು ಕಷ್ಟದ ಶಾಟ್. ಹತ್ತರಲ್ಲಿ ಆರು ಸಲ ತಪ್ಪುತ್ತದೆ. ಇದು ಐವರ ಆಟವೋ, ಒಬ್ಬನ ಏಕಪಾತ್ರಾಭಿನಯವೋ? ಪಾಸಿಂಗ್ ಆಟವನ್ನು ಸದಾ ಹೊಗಳುವ ನೀವು ಈ ಸ್ವಾರ್ಥದ ಬಗ್ಗೆ ಯಾಕೆ ಬರೆಯುವುದಿಲ್ಲ? (ನನ್ನ ತಮ್ಮ ಮಾತ್ರ ಆ ಹೊತ್ತಿಗೆ ಸರಿಯಾಗಿ ಕುರ್ಚಿಯ ತುದಿಗೆ ಬರುತ್ತಾನೆ. ಅವನಿಗೂ ನನಗೂ ಇದೇ ಜಗಳ.)

ಸಂಪಾದಕರ ಉತ್ತರ:

ಪತ್ರಕ್ಕೆ ವಂದನೆ. ಇಷ್ಟು ಸೂಕ್ಷ್ಮವಾಗಿ ಆಟ ನೋಡುವ ಓದುಗರು ಇರುವುದು ಯಾವ ಪತ್ರಿಕೆಗೂ ಭಾಗ್ಯ. ನೀವು ಹೇಳಿದ್ದರಲ್ಲಿ ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಐವರೂ ಓಡಾಡಿ, ನಾಲ್ಕು ಪಾಸ್ ಸೇರಿ ಹುಟ್ಟುವ ಬುಟ್ಟಿ ಕಣ್ಣಿಗೆ ಹಬ್ಬ. ಐಸೊಲೇಷನ್, ಅಂದರೆ ಒಬ್ಬನೇ ಚೆಂಡು ಹಿಡಿದು ತನ್ನ ಡಿಫೆಂಡರ್‌ನನ್ನು ಎದುರಿಸುವ ಆಟ, ಆ ಹಬ್ಬವಲ್ಲ. ಇಡೀ ಪಂದ್ಯವನ್ನು ಹಾಗೆ ಆಡುವ ತಂಡ ಸೋಲುತ್ತದೆ, ಸೋಲಲೂಬೇಕು.

ಆದರೆ ನೀವು ದೂರುತ್ತಿರುವುದು ಇಡೀ ಪಂದ್ಯವನ್ನಲ್ಲ, ಕೊನೆಯ ಇಪ್ಪತ್ತು ಸೆಕೆಂಡನ್ನು. ಅಲ್ಲಿ ನಾನು ನಿಮ್ಮ ತಮ್ಮನ ಪಕ್ಷ.

ಗಡಿಯಾರದಿಂದ ಶುರು ಮಾಡೋಣ. 1950ರಲ್ಲಿ ಫೋರ್ಟ್ ವೇಯ್ನ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ವಿರುದ್ಧ ಚೆಂಡನ್ನು ಬಚ್ಚಿಟ್ಟುಕೊಂಡೇ ಆಡಿ 19-18ರಲ್ಲಿ ಗೆದ್ದಿತು. ಅಂಥ ಆಟ ಜನರನ್ನು ಓಡಿಸುತ್ತದೆಂದು 1954ರಲ್ಲಿ ಶಾಟ್ ಕ್ಲಾಕ್ ಬಂತು: ಚೆಂಡು ಸಿಕ್ಕ ತಂಡ ಗೊತ್ತಾದ ಸೆಕೆಂಡುಗಳೊಳಗೆ ಶಾಟ್ ಹೊಡೆಯಲೇಬೇಕು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಹಾಕಿದ ಲೆಕ್ಕ ಸರಳ: ಪಂದ್ಯದ 48 ನಿಮಿಷ ಎಂದರೆ 2,880 ಸೆಕೆಂಡ್, ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್, ಭಾಗಿಸಿದರೆ 24. ಆಟದುದ್ದಕ್ಕೂ ಈ 24 ಸೆಕೆಂಡ್ ತಂಡದ ಬೆನ್ನಟ್ಟಿ ಬರುತ್ತದೆ. ಕ್ವಾರ್ಟರ್ ಕ್ಲಾಕ್‌ನಲ್ಲಿ 24ಕ್ಕಿಂತ ಕಡಿಮೆ ಉಳಿದಾಗ ಮಾತ್ರ ಶಾಟ್ ಕ್ಲಾಕ್ ಆರುತ್ತದೆ. ಆಗ ಚೆಂಡು ಯಾರ ಕೈಯಲ್ಲಿದೆಯೋ ಕಾಲವೂ ಅವರದೇ.

ಅದಕ್ಕೇ ಜಾಣ ತಂಡಗಳು ಟು-ಫಾರ್-ಒನ್ ಎಂದು ಹೊಂಚು ಹಾಕುತ್ತವೆ. ಮೂವತ್ತೈದು ಸೆಕೆಂಡ್ ಇರುವಾಗಲೇ ಒಂದು ಶಾಟ್ ಎಸೆದುಬಿಟ್ಟರೆ, ಎದುರಾಳಿ ತನ್ನ 24 ಸೆಕೆಂಡ್ ಪೂರ್ತಿ ಬಳಸಿದರೂ ಕೊನೆಯ ಅವಕಾಶ ತಿರುಗಿ ನಮಗೇ. ಒಂದರ ಜಾಗದಲ್ಲಿ ಎರಡು. ಇಷ್ಟು ಕಷ್ಟಪಟ್ಟು ಗಳಿಸಿದ ಕೊನೆಯ ಚೆಂಡನ್ನು ಹೇಗೆ ಖರ್ಚು ಮಾಡಬೇಕು ಎನ್ನುವುದೇ ನಿಮ್ಮ ಪ್ರಶ್ನೆ.

ನೀವು ಪಾಸ್ ಮಾಡಿ ಎನ್ನುತ್ತೀರಿ. ಪ್ರತಿ ಪಾಸ್ ಕೂಡ ಕದಿಯುವವನಿಗೆ ಒಂದು ಬಾಗಿಲು. ಎಂಟು ಸೆಕೆಂಡ್ ಇರುವಾಗ ಕದ್ದರೆ ಆ ಕಡೆ ಸಲೀಸಾದ ಲೇಅಪ್, ಬುಟ್ಟಿಯ ಪಕ್ಕದಿಂದಲೇ ಹಾಕುವ ಶಾಟ್. ಕೈಗೆ ಬಂದ ತುತ್ತು ಬಾಯಿಗೆ ಬರುವುದಿರಲಿ, ಎದುರಾಳಿಯ ಬಾಯಿಗೇ ಹೋಯಿತು. ಸ್ಕ್ರೀನ್ ಹಾಕೋಣವೆಂದರೆ (ಡಿಫೆಂಡರ್‌ನ ದಾರಿಗೆ ನಮ್ಮವನೊಬ್ಬ ಅಡ್ಡ ನಿಲ್ಲುವುದು) ಸ್ಕ್ರೀನ್ ಹಾಕುವವನ ಹಿಂದೆಯೇ ಅವನ ಡಿಫೆಂಡರ್ ಬರುತ್ತಾನೆ, ಇಬ್ಬರೂ ಸೇರಿ ಚೆಂಡಿದ್ದವನನ್ನು ಮುತ್ತಿ ಕಾಲ ತಿನ್ನುತ್ತಾರೆ. ಬೇಗ ಸಿಕ್ಕ ಒಳ್ಳೆಯ ಶಾಟ್ ಹೊಡೆದರೆ ಎದುರಾಳಿಗೆ ಇನ್ನೊಂದು ಅವಕಾಶ ಬಿಟ್ಟುಕೊಟ್ಟಂತೆ. ಒಬ್ಬನೇ ಚೆಂಡು ಹಿಡಿದು ನಾಲ್ಕು ಸೆಕೆಂಡ್ ಇರುವಾಗ ಶಾಟ್‌ಗೆ ಎದ್ದರೆ ಈ ಅಪಾಯಗಳೆಲ್ಲ ಬಹಳ ಕಡಿಮೆ.

ನೀವು ಎಣಿಸಿದ ಆ ಹತ್ತು ಶಾಟ್‌ಗಳನ್ನೇ ತೆಗೆದುಕೊಳ್ಳಿ. ಆರು ತಪ್ಪಿದವು, ನಾಲ್ಕು ಬಿದ್ದವು. ಒಂಬತ್ತು ಅಂಕ ಬಂತೆಂದು ಇಟ್ಟುಕೊಳ್ಳಿ. ಎದುರಾಳಿಗೆ ಸಿಕ್ಕಿದ್ದು ಸೊನ್ನೆ, ಏಕೆಂದರೆ ತಪ್ಪಿದ ಚೆಂಡಿನ ರಿಬೌಂಡ್ ಹಿಡಿಯುವಷ್ಟರಲ್ಲಿ ಬಝರ್. ಪಾಸ್ ಮಾಡಿ ಬೇಗ ಮುಗಿಸಿದರೆ ನಮಗೆ ಹನ್ನೊಂದು ಬಂದು ಅವರಿಗೆ ನಾಲ್ಕು ಹೋದರೆ ಉಳಿಯುವುದು ಏಳೇ. ಇಷ್ಟು ಲೆಕ್ಕಕ್ಕೆ ಬೆರಳುಗಳೇ ಸಾಕು. ಶಾಟ್ ತಪ್ಪಿದ್ದನ್ನು ಎಣಿಸಿದ ನೀವು, ಎದುರಾಳಿ ಆಡಲಾಗದೇ ಹೋದ ಹತ್ತು ಅವಕಾಶಗಳನ್ನು ಎಣಿಸಲಿಲ್ಲ. ನನಗಿರುವ ತಕರಾರು ಅದೊಂದೇ.

ಇನ್ನು ಆ ನಾಲ್ಕು ಕಂಬಗಳು. ಅವರು ನಿಂತಿರುವುದೇ ಅವರ ಕೆಲಸ. ಮೂಲೆಯಲ್ಲಿ ನಿಂತ ಶೂಟರ್‌ನನ್ನು ಬಿಟ್ಟು ಅವನ ಕಾವಲುಗಾರ ನೆರವಿಗೆ ಓಡಿದರೆ ದೂರದ ಶಾಟ್‌ನ ಮೂರು ಅಂಕ ತೆರೆದುಕೊಳ್ಳುತ್ತದೆ. 2001-02ರಲ್ಲಿ ಝೋನ್ ಡಿಫೆನ್ಸ್‌ಗೆ (ಆಳನ್ನಲ್ಲ, ಜಾಗವನ್ನು ಕಾಯುವ ಆಟಕ್ಕೆ) ಅನುಮತಿ ಕೊಟ್ಟಾಗಲೇ ಡಿಫೆನ್ಸಿವ್ ತ್ರೀ ಸೆಕೆಂಡ್ ನಿಯಮವೂ ಬಂತು. ಯಾರನ್ನೂ ಕಾಯದ ಎತ್ತರದವನು ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ಠಿಕಾಣಿ ಹೂಡುವಂತಿಲ್ಲ. ನಾಲ್ವರು ದೂರ ನಿಂತು ಐದನೆಯವನಿಗೆ ಅಂಗಳ ಬಿಟ್ಟುಕೊಡುವುದನ್ನು ನಾನು ಐವರ ಆಟ ಎಂದೇ ಕರೆಯುತ್ತೇನೆ.

ಹಾಗಾದರೆ ಚೆಂಡು ಬೆಂಚಿನವನ ಕೈಗೇ ಯಾಕೆ? ಹಲವು ತಂಡಗಳಲ್ಲಿ ಮೊದಲ ಮತ್ತು ಮೂರನೇ ಕ್ವಾರ್ಟರ್‌ನ ಕೊನೆಗೆ ತಾರೆಯರು ಟವೆಲ್ ಹೊದ್ದು ಕೂತಿರುತ್ತಾರೆ. ಉಳಿದವರಲ್ಲಿ ತನ್ನಷ್ಟಕ್ಕೆ ಶಾಟ್ ಹುಟ್ಟಿಸಿಕೊಳ್ಳಬಲ್ಲವನು ಅವನೇ. ನಾನೂ ಕಾಲೇಜು ದಿನಗಳಲ್ಲಿ ಬೆಂಚಿನಲ್ಲಿ ಕೂತವನು. ಬೆವರು ಆರಿ, ಮಂಡಿ ಬಿಗಿದು, ಬೆರಳು ತಣ್ಣಗಾದ ಮೇಲೆ "ಏಳು" ಎನ್ನುತ್ತಾರೆ. ಬೇರೆಯವರಿಗೆ ಆಟ ಆಗಲೇ ಮೈಗೂಡಿರುತ್ತದೆ. ನಿಮಗೆ ಮೊದಲ ಚೆಂಡೇ ಪರೀಕ್ಷೆ. ಒಂದು ಶಾಟ್ ತಪ್ಪಿದೆ ಎಂದು ನಮ್ಮ ಕೋಚ್ ನನ್ನನ್ನು ಎರಡೇ ನಿಮಿಷದಲ್ಲಿ ವಾಪಸ್ ಕೂರಿಸಿದ್ದರು. ಆ ನಡಿಗೆಯ ಉದ್ದ ನನಗೆ ಈಗಲೂ ನೆನಪಿದೆ. ತಣ್ಣಗೆ ಬಂದು ಬಿಸಿಯಾಗಿ ಆಡುವವರನ್ನು ಕಂಡರೆ ನನಗೆ ಗೌರವ ಉಕ್ಕುವುದು ಅದಕ್ಕೇ.

ಡೆಟ್ರಾಯಿಟ್ ಪಿಸ್ಟನ್ಸ್‌ನ ವಿನ್ನಿ ಜಾನ್ಸನ್‌ಗೆ ಬಾಸ್ಟನ್‌ನ ಆಟಗಾರ ಡ್ಯಾನಿ ಏಂಜ್ ಇಟ್ಟ ಹೆಸರು 'ಮೈಕ್ರೋವೇವ್'. ಅಷ್ಟು ಬೇಗ ಕಾಯುತ್ತಿದ್ದ. 1990ರ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ಪೋರ್ಟ್‌ಲೆಂಡ್ ವಿರುದ್ಧ 90-90ರ ಸಮಬಲ. ಚೆಂಡು ಬೆಂಚಿನಿಂದ ಬಂದ ವಿನ್ನಿಯ ಕೈಯಲ್ಲಿ. ಅವನೆದ್ದು ಹೊಡೆದಾಗ ಕ್ಲಾಕ್‌ನಲ್ಲಿ ಉಳಿದದ್ದು 0.7 ಸೆಕೆಂಡ್. 92-90, ಸತತ ಎರಡನೇ ಪ್ರಶಸ್ತಿ. ಆ ವಿನ್ನಿಗೆ, ಬೆಂಚಿನಿಂದ ಬರುವವರಲ್ಲಿ ಶ್ರೇಷ್ಠನಿಗೆ ಕೊಡುವ ಸಿಕ್ಸ್ತ್ ಮ್ಯಾನ್ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಅದನ್ನು ಮೂರು ಮೂರು ಸಲ ಗೆದ್ದ ಜಮಾಲ್ ಕ್ರಾಫರ್ಡ್ ಮತ್ತು ಲೂ ವಿಲಿಯಮ್ಸ್ ಒಮ್ಮೆಯೂ ಆಲ್‌ಸ್ಟಾರ್ (ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆ) ಆಗಲಿಲ್ಲ. ಕ್ರಾಫರ್ಡ್ 39ರ ವಯಸ್ಸಿನಲ್ಲಿ, 2019ರ ಏಪ್ರಿಲ್‌ನಲ್ಲಿ, ಬೆಂಚಿನಿಂದ ಬಂದು 51 ಅಂಕ ಹೊಡೆದ. ಕ್ವಾರ್ಟರ್‌ನ ಕೊನೆಯ ಚೆಂಡು ಇವರ ಕೈಗೆ ಬರುವ ಗೌರವವನ್ನೂ ನಾವು ಸ್ವಾರ್ಥ ಎಂದು ಕಿತ್ತುಕೊಳ್ಳಬೇಕೆ?

ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ. ಸ್ವಾರ್ಥ ನೋಡಬೇಕೆಂದರೆ, ಬಝರ್‌ಗೆ ಮುನ್ನ ದೂರದ ಚೆಂಡು ಎಸೆಯಲು ಹಿಂಜರಿದವರನ್ನು ನೋಡಿ. ಬೇಕೆಂದೇ ಅರೆಕ್ಷಣ ತಡಮಾಡಿ, ಬಝರ್ ಆದ ಮೇಲೆ ಎಸೆಯುತ್ತಿದ್ದರು. ತಮ್ಮ ಶೂಟಿಂಗ್ ಶೇಕಡಾವಾರು ಕೆಡಬಾರದಲ್ಲ! ಇದು ಎಷ್ಟು ಬೆಳೆಯಿತೆಂದರೆ, 2025-26ರಿಂದ ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ ಮೂರು ಸೆಕೆಂಡ್‌ನಲ್ಲಿ, ಅಂಗಳದ ತನ್ನ ಅರ್ಧದಿಂದ ಶುರುವಾದ ಆಟದಲ್ಲಿ, 36 ಅಡಿಯಾಚೆಯಿಂದ ಎಸೆದ ಚೆಂಡು ತಪ್ಪಿದರೆ ಅದನ್ನು ಆಟಗಾರನ ಬದಲು ತಂಡದ ಲೆಕ್ಕಕ್ಕೆ ಬರೆಯುವ ನಿಯಮವನ್ನೇ ಎನ್‌ಬಿಎ ತರಬೇಕಾಯಿತು. ಅಂಕಿಅಂಶಕ್ಕೆ ಹೆದರಿ ಪ್ರಯತ್ನವನ್ನೇ ಬಿಡುವುದು! ಎರಡು ನಿಮಿಷದ ತುಣುಕು ನೋಡಿ, ಬಾಕ್ಸ್ ಸ್ಕೋರಿನ (ಪಂದ್ಯದ ಅಂಕಿಅಂಶ ಪಟ್ಟಿಯ) ಒಂದು ಸಾಲು ಓದಿ ಆಟಗಾರನನ್ನು ತೂಗುವ ನಮ್ಮ ಅಭ್ಯಾಸವೇ ಅವರಿಗೆ ಆ ಹೆದರಿಕೆ ಹುಟ್ಟಿಸಿದ್ದು. ತಪ್ಪಿದ ಶಾಟ್‌ನ ಪಕ್ಕ ಗಡಿಯಾರ ಎಷ್ಟು ತೋರಿಸುತ್ತಿತ್ತು ಎಂದು ಯಾವ ಸಾಲೂ ಹೇಳುವುದಿಲ್ಲ. ಗೆದ್ದ ಎತ್ತಿನ ಬಾಲ ಹಿಡಿಯುವ ಜನ ನಾವು. ಬಿದ್ದರೆ ಧೈರ್ಯ, ತಪ್ಪಿದರೆ ದುರಾಸೆ.

ಆ ನಿಯಮ ಬರುವ ಮೊದಲೇ ಹಿಂಜರಿಯದೆ ಎಸೆದವನು ಬಾಸ್ಟನ್‌ನ ಪೇಟನ್ ಪ್ರಿಚರ್ಡ್. 2024ರ ಫೈನಲ್ಸ್‌ನ ಎರಡನೇ ಪಂದ್ಯದಲ್ಲಿ ಅವನು ಗಳಿಸಿದ್ದು ಮೂರೇ ಅಂಕ. ಮೂರನೇ ಕ್ವಾರ್ಟರ್‌ನ ಬಝರ್ ಜೊತೆಗೇ, ಬಲು ದೂರದಿಂದ, ಬೋರ್ಡಿಗೆ ಬಡಿದು ಒಳಗೆ ಬಿದ್ದ ಒಂದು ಚೆಂಡು. ಪಂದ್ಯ ಮುಗಿದದ್ದು 105-98ರಲ್ಲಿ. ಐದನೇ ಪಂದ್ಯದ ಮಧ್ಯಂತರಕ್ಕೆ ಸರಿಯಾಗಿ ಅಂಗಳದ ನಡುವಿನಿಂದ ಮತ್ತೊಂದು. ಆ ರಾತ್ರಿಯೇ ಬಾಸ್ಟನ್ ತನ್ನ 18ನೇ ಪ್ರಶಸ್ತಿ ಗೆದ್ದಿತು. ಮರುವರ್ಷ ಸಿಕ್ಸ್ತ್ ಮ್ಯಾನ್ ಗೌರವ ಅವನದಾಯಿತು. ಇವು ಐಸೊಲೇಷನ್ ಶಾಟ್‌ಗಳಲ್ಲ, ನಿಜ. ಆದರೆ ನೀವು ವ್ಯರ್ಥ ಎನ್ನುವ ಅದೇ ಸೆಕೆಂಡುಗಳಲ್ಲಿ ಹುಟ್ಟಿದವು.

ನೀವು ಒಪ್ಪಲೇಬೇಕೆಂದಿಲ್ಲ. ಮುಂದಿನ ಪಂದ್ಯದಲ್ಲಿ ಮಾತ್ರ, ಅವನು ಚೆಂಡು ಕುಟ್ಟಲು ಶುರು ಮಾಡಿದಾಗ ಒಮ್ಮೆ ಕಣ್ಣು ಗಡಿಯಾರದ ಮೇಲಿರಲಿ, ಇನ್ನೊಮ್ಮೆ ಆ ನಾಲ್ವರ ಕಾಲುಗಳ ಮೇಲೆ. ಮತ್ತೆ, ನಿಮ್ಮ ತಮ್ಮನಿಗೂ ಒಂದು ಪತ್ರ ಬರೆಯಲು ಹೇಳಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ.