ಕಿತ್ತಳೆ ಕಾಕ್‌ಟೇಲ್ ಕಹಿಯಾದರೆ ರೋಸ್‌ಮೆರಿಯನ್ನು ಬಯ್ಯಬೇಡಿ

ಕಿತ್ತಳೆ ರಸಕ್ಕೆ ಜಿನ್ ಮತ್ತು ರೋಸ್‌ಮೆರಿ ಎಂಬ ಘಮದ ಸೊಪ್ಪು ನೆನೆಸಿದ ಸಕ್ಕರೆ ಪಾಕ (ಸಿರಪ್) ಹಾಕಿ ಮಾಡಿದ ಕಾಕ್‌ಟೇಲ್ ಯಾಕೆ ಕಹಿಯಾಗುತ್ತದೆ ಎಂದು ಕೇಳಿದ್ದೀರಿ. ರಸವನ್ನು ಹಿಂದಿನ ರಾತ್ರಿಯೇ ತೆಗೆದು ಫ್ರಿಜ್‌ನಲ್ಲಿ ಇಟ್ಟಿದ್ದಿರಿ, ಅಲ್ವಾ? ನಿಮ್ಮ ಪ್ರಶ್ನೆಯಲ್ಲಿ ಆ ಮಾತು ಅರ್ಧ ಸಾಲಿನಲ್ಲಿ ಬಂದು ಹೋಗಿದೆ. ಉಳಿದದ್ದೆಲ್ಲ ರೋಸ್‌ಮೆರಿಯ ಮೇಲೆ ದೂರು. ಸಿರಪ್‌ನಲ್ಲಿ ಎಷ್ಟು ನಿಮಿಷ ನೆನೆಸಬೇಕು, ಕಡ್ಡಿ ಕಡಿಮೆ ಮಾಡಲಾ, ಬದಲಿಗೆ ತುಳಸಿ ಹಾಕಲಾ ಎಂದು ಕೇಳಿದ್ದೀರಿ. ಎರಡು ಸಲ ಸಿರಪ್ ಚೆಲ್ಲಿ ಮೂರನೆಯದು ಮಾಡಿದ್ದೀರಿ. ಕಹಿ ಮಾತ್ರ ಹಾಗೇ ಇದೆ. ಓದಿ ನಗು ಬಂತು. ಆಮೇಲೆ ಹೊಟ್ಟೆಯೂ ಸ್ವಲ್ಪ ಕಲಸಿತು. ಯಾಕೆಂದರೆ ಇದೇ ಕೆಲಸವನ್ನು ನಾನು ಇಪ್ಪತ್ತೈದು ಜನರ ಮುಂದೆ ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್ 31. ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದೊಳಗೆ ನನ್ನ ಹಾಸ್ಟೆಲ್ ಗೆಳತಿಯ ಮನೆ. ಕೊಡಗಿನ ಮನೆಯವರಿಗೆ ನೆಂಟರಿಗೆ ಕುಡಿಯಲು ಏನು ಕೊಡಬೇಕು ಎಂದು ಹೊರಗಿನವರು ಹೇಳಿಕೊಡುವ ಅಗತ್ಯವೇನೂ ಇಲ್ಲ. ಗೆಳತಿಯ ಅಮ್ಮ ಮಾಡಿದ ವೈನ್ ಬಾಟಲಿಗಳೇ ಸಾಲಾಗಿ ನಿಂತಿದ್ದವು. ಆದರೆ ನಾನು ಬೆಂಗಳೂರಿನಲ್ಲಿ ಕೂತು ನಾಲ್ಕು ವಿಡಿಯೊ ನೋಡಿಕೊಂಡು ಹೋದವಳು. ‘ಆಂಟಿ, ಈ ಸಲ ಡ್ರಿಂಕ್ಸ್ ನನ್ನ ಜವಾಬ್ದಾರಿ’ ಅಂದುಬಿಟ್ಟೆ. ಸೂಪರ್ ಮಾರ್ಕೆಟ್‌ನಿಂದ ತಂದ ರೋಸ್‌ಮೆರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಹೋಗಿದ್ದೆ.

ಕಿತ್ತಳೆ ಅವರ ತೋಟದ್ದೇ. ಕಾಫಿ ಗಿಡಗಳ ನಡುವೆ ಉಳಿದಿದ್ದ ಕೆಲವೇ ಮರಗಳು. ರೋಗ ಬಂದು ಉಳಿದವೆಲ್ಲ ಒಣಗಿ ಹೋದವು ಎಂದರು. ಕೊಡಗಿನ ಕಿತ್ತಳೆ ನೋಡಲು ದೊಡ್ಡ ಚೆಲುವೆಯೇನಲ್ಲ. ಸಿಪ್ಪೆ ಸಡಿಲ, ಅಲ್ಲಲ್ಲಿ ಇನ್ನೂ ಹಸಿರು. ಆದರೆ ಒಂದನ್ನು ಸುಲಿದರೆ ಸಾಕು, ಪಕ್ಕದ ಕೋಣೆಯವರು ಎದ್ದು ಬರುತ್ತಾರೆ. ಆರು ಕಿಲೋ ಬಿಡಿಸಿ ಕೊಟ್ಟರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಪಾರ್ಟಿ ದಿನ ಗಡಿಬಿಡಿ ಬೇಡ ಎಂದು 30ರ ರಾತ್ರಿಯೇ ರಸ ತೆಗೆದೆ. ಕೈಯಲ್ಲಿ ಹಿಂಡಲು ಸೋಮಾರಿತನ. ತೊಳೆ ಬಿಡಿಸಿ, ಬೀಜವನ್ನೂ ತೆಗೆಯದೆ ಮಿಕ್ಸಿಗೆ ಹಾಕಿ ಗರ್ರ್ ಅನ್ನಿಸಿ ಸೋಸಿದೆ. ಒಂದು ಲೋಟ ಕುಡಿದು ನೋಡಿದೆ. ಅಮೃತ! ಗೆಳತಿಗೂ ಕೊಟ್ಟೆ, ಅವಳೂ ತಲೆಯಾಡಿಸಿದಳು. ಎರಡು ದೊಡ್ಡ ಜಗ್ ತುಂಬಿಸಿ ಫ್ರಿಜ್‌ನಲ್ಲಿಟ್ಟು, ಏನೋ ಸಾಧಿಸಿದವಳ ಹಾಗೆ ಮಲಗಿದೆ. ಬೆಳಿಗ್ಗೆ ರೋಸ್‌ಮೆರಿ ಸಿರಪ್ ಮಾಡಿದೆ. ರಸವನ್ನು ಮತ್ತೆ ಬಾಯಿಗೆ ಹಾಕಿ ನೋಡಲಿಲ್ಲ. ರಾತ್ರಿ ಚೆನ್ನಾಗಿತ್ತಲ್ಲ, ಮತ್ತೇನು ನೋಡುವುದು ಅಂದುಕೊಂಡೆ.

ಸಂಜೆ ಏಳಕ್ಕೆ ಮೊದಲ ಟ್ರೇ ಹೋಯಿತು. ಗೆಳತಿಯ ಚಿಕ್ಕಪ್ಪ ಒಂದು ಗುಟುಕು ಕುಡಿದು, ಲೋಟವನ್ನು ದೀಪಕ್ಕೆ ಹಿಡಿದು ನೋಡಿ, ‘ಚೆನ್ನಾಗಿದೆ ಮಗಳೇ, ಜ್ವರಕ್ಕೂ ಆಗುತ್ತೆ’ ಅಂದರು. ನಾನೂ ಕುಡಿದೆ. ಕಷಾಯ! ನಾಲಿಗೆಯ ಬುಡದಲ್ಲಿ ಹೋಗಿ ಕೂತು ಏಳದ ಕಹಿ.

ನಾನೂ ನಿಮ್ಮ ಹಾಗೇ ರೋಸ್‌ಮೆರಿಯನ್ನು ಹಿಡಿದೆ. ಸಿರಪ್ ಪೂರ್ತಿ ಚೆಲ್ಲಿದೆ. ತುಳಸಿ ಹಾಕಿ ಇನ್ನೊಂದು ಮಾಡುತ್ತೇನೆ ಎಂದು ಅಂಗಳಕ್ಕೆ ಹೊರಟರೆ ಆಂಟಿ ತಡೆದರು. ‘ಡ್ರಿಂಕ್ಸ್‌ಗೆ ತುಳಸಿ ಬೇಡಮ್ಮ.’ ಸರಿ, ಬೇಲಿ ಪಕ್ಕದ ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಕೊಯ್ದು ಹೊಸ ಸಿರಪ್ ಮಾಡಿದೆ. ಆಗಲೂ ಕಹಿ. ಸಕ್ಕರೆ ಸುರಿದೆ. ಸಿಹಿ ಕಷಾಯ ಆಯಿತು. ಅಷ್ಟರಲ್ಲಿ ಎರಡು ಬಾಟಲಿ ಜಿನ್ ಈ ಪ್ರಯೋಗಕ್ಕೆ ಬಲಿಯಾಗಿತ್ತು. ಗಂಡಸರೆಲ್ಲ ಮೆಲ್ಲಗೆ ರಮ್ ಕಡೆ ಸರಿದಿದ್ದರು.

ಆಂಟಿ ಏನೂ ಮಾತಾಡದೆ ಬುಟ್ಟಿಯಲ್ಲಿ ಉಳಿದಿದ್ದ ಎರಡು ಕಿತ್ತಳೆ ತೆಗೆದು ಅಡ್ಡಕ್ಕೆ ಕತ್ತರಿಸಿದರು. ಬೆರಳ ಸಂದಿಯಲ್ಲಿ ಬೀಜ ತಡೆದು ಲೋಟಕ್ಕೆ ಹಿಂಡಿದರು. ‘ಇದರಲ್ಲಿ ಮಾಡು.’ ಮಾಡಿದೆ. ಒಂದು ಹನಿ ಕಹಿ ಇಲ್ಲ. ಅದೇ ಮರ, ಅದೇ ಬುಟ್ಟಿ, ಅದೇ ಸಿರಪ್. ನಾನಾದರೂ ಸುಮ್ನೆ ಒಪ್ಪುವವಳಾ? ‘ನಿಮ್ಮ ಫ್ರಿಜ್ ಏನೋ ಸರಿ ಇಲ್ಲ ಆಂಟಿ’ ಅಂದೆ. ಈಗ ನೆನೆಸಿಕೊಂಡರೂ ನಾಚಿಕೆ.

ಆಮೇಲೆ ಮೈಸೂರಿನಲ್ಲಿ ಫುಡ್ ಟೆಕ್ನಾಲಜಿ ಓದಿದ ಕಸಿನ್ ಒಬ್ಬಳು ಬಿಡಿಸಿ ಹೇಳಿದಳು. ಕಿತ್ತಳೆಯ ತೊಳೆಯ ಪೊರೆಯಲ್ಲಿ, ನಾರಿನಲ್ಲಿ ಒಂದು ವಸ್ತು ಇರುತ್ತದೆ. ಹಣ್ಣು ಇಡಿಯಾಗಿ ಇರುವಾಗ ಅದಕ್ಕೆ ಕಹಿಯೇ ಇಲ್ಲ. ಹಿಂಡಿದಾಗ ಕೋಶಗಳು ಒಡೆದು ಅದು ಹುಳಿ ರಸಕ್ಕೆ ಸೇರುತ್ತದೆ. ಹುಳಿಯಲ್ಲಿ ನೆನೆಯುತ್ತಾ ನಿಧಾನಕ್ಕೆ ಲಿಮೊನಿನ್ ಎಂಬ ಕಹಿಯಾಗಿ ಬದಲಾಗುತ್ತದೆ. ತಕ್ಷಣ ಅಲ್ಲ, ಗಂಟೆಗಟ್ಟಲೆ. ಅದಕ್ಕೇ ರಾತ್ರಿ ಕುಡಿದಾಗ ಅಮೃತ, ಮರುದಿನ ಕಷಾಯ. ಫ್ರಿಜ್‌ನ ಚಳಿ ಅದನ್ನು ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ಬಿಸಿ ಮಾಡಿದರೆ ಇನ್ನೂ ಬೇಗ. ಒಂದು ಲೀಟರ್‌ಗೆ ಸುಮಾರು 6 ಮಿಲಿಗ್ರಾಂ ಆದರೆ ಸಾಕು, ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಬೀಜದಲ್ಲಂತೂ ಈ ಕಹಿ ರೆಡಿಯಾಗಿಯೇ ಇರುತ್ತದೆ, ನಾನು ಅದನ್ನೂ ಅರೆದು ಸೇರಿಸಿದ್ದೆ. ಪೂರ್ತಿ ಮಾಗದ ಹಣ್ಣಿನಲ್ಲಿ ಕಾಟ ಜಾಸ್ತಿ, ಮಾಗಿದಂತೆ ಕಡಿಮೆ.

ನಂಬಿಕೆ ಬರದೆ ಮನೆಯಲ್ಲಿ ಮೂರು ಲೋಟ ಇಟ್ಟು ನೋಡಿದೆ. ರಾತ್ರಿ ಹಿಂಡಿದ್ದು, ಬೆಳಿಗ್ಗೆ ಹಿಂಡಿದ್ದು, ಆಗಷ್ಟೇ ಹಿಂಡಿದ್ದು. ಸೊಪ್ಪು ಇಲ್ಲ, ಸಕ್ಕರೆ ಇಲ್ಲ, ಜಿನ್ ಇಲ್ಲ. ಕಣ್ಣು ಮುಚ್ಚಿಕೊಂಡು ಕುಡಿದರೂ ಯಾವುದು ಯಾವುದೆಂದು ಹೇಳಬಹುದಿತ್ತು.

ಹಾಗಾಗಿ ‘ಯಾವ ಸೊಪ್ಪು ಹಾಕಲಿ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಕಷ್ಟ ಸೊಪ್ಪಿನದಲ್ಲ, ಗಡಿಯಾರದ್ದು.

ಹಿಂದಿನ ದಿನ ಏನಾದರೂ ಮಾಡಿಡಲೇಬೇಕು ಅನ್ನಿಸಿದರೆ ಸಿಪ್ಪೆಯ ಕೆಲಸ ಮಾಡಿ. ಚೆನ್ನಾಗಿ ತೊಳೆದ ನಾಲ್ಕು ಕಿತ್ತಳೆಯ ಸಿಪ್ಪೆ ತೆಗೆದುಕೊಳ್ಳಿ. ಒಳಗಿನ ಬಿಳಿ ನಾರನ್ನು ಚಮಚದಿಂದ ಕೆರೆದು ಬಿಡಿ. 250 ಗ್ರಾಂ ಸಕ್ಕರೆ ಜೊತೆ ಕೈಯಲ್ಲೇ ಉಜ್ಜಿ, ಮುಚ್ಚಿ ಇಡಿ. ಬೆಳಿಗ್ಗೆ ಸಕ್ಕರೆ ಒದ್ದೆಯಾಗಿರುತ್ತದೆ. ಸಿಪ್ಪೆಯ ಎಣ್ಣೆಯೆಲ್ಲ ಅದಕ್ಕೆ ಇಳಿದಿರುತ್ತದೆ. ನಿಜವಾದ ಕಿತ್ತಳೆ ಘಮ ಇರುವುದೇ ಆ ಎಣ್ಣೆಯಲ್ಲಿ, ನೀವು ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಿರಿ. ಸಿಪ್ಪೆ ತೆಗೆದು, 250 ಎಂ.ಎಲ್. ನೀರು ಹಾಕಿ, ಸಕ್ಕರೆ ಕರಗುವವರೆಗೆ ಕಾಯಿಸಿ ಒಲೆ ಆರಿಸಿ. ಆರಿಸಿದ ಮೇಲೆ ಬೆರಳುದ್ದದ ಎರಡು ರೋಸ್‌ಮೆರಿ ಕಡ್ಡಿ ಹಾಕಿ ಮುಚ್ಚಿ. ಹದಿನೈದು ನಿಮಿಷ, ಆಮೇಲೆ ಸೋಸಿ. ಕುದಿಸಿದರೆ ರೋಸ್‌ಮೆರಿಯೂ ಕೆಡುತ್ತದೆ, ಅದು ನಿಜ. ಆದರೆ ಅದು ಕೆಟ್ಟರೆ ಟರ್ಪಂಟೈನ್ ವಾಸನೆ ಬರುತ್ತದೆ. ಸಿರಪ್ ಮಾತ್ರ ನೆಕ್ಕಿ ನೋಡಿದರೂ ಗೊತ್ತಾಗುತ್ತದೆ.

ರಸ ಮಾತ್ರ ನೆಂಟರು ಬಂದು ಕೂತ ಮೇಲೆ. ಅಡ್ಡಕ್ಕೆ ಕತ್ತರಿಸಿ, ಕೈಯಲ್ಲಿ ಮೆತ್ತಗೆ ಹಿಂಡಿ. ಕೊನೇ ಹನಿವರೆಗೆ ಹಿಸುಕಬೇಡಿ. ಒಬ್ಬರಿಗೆ ಕಿತ್ತಳೆ ರಸ 60 ಎಂ.ಎಲ್., ನಿಂಬೆ ರಸ 15, ಸಿರಪ್ 15ರಿಂದ 20, ಜಿನ್ ಒಂದು ಲಾರ್ಜ್, ಅಂದರೆ 60. ನಿಂಬೆ ಬಿಡಬೇಡಿ, ಕಿತ್ತಳೆಯ ಹುಳಿ ಒಂದೇ ಸಾಲುವುದಿಲ್ಲ. ಚಿಟಿಕೆ ಉಪ್ಪು ಹಾಕಿ, ಅಲ್ಪಸ್ವಲ್ಪ ಕಹಿ ಇದ್ದರೂ ಅಡಗುತ್ತದೆ. ಶೇಕರ್ ಕೊಳ್ಳಬೇಡಿ. ಮುಚ್ಚಳ ಗಟ್ಟಿ ಇರುವ ಖಾಲಿ ಹಾರ್ಲಿಕ್ಸ್ ಬಾಟಲಿಗೆ ಐಸ್ ತುಂಬಿ ಕುಲುಕಿದರೆ ಅದೇ ಆಯಿತು.

ಹಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜನವರಿಯಲ್ಲಿ ಗಾಡಿಗಳ ಮೇಲೆ ಬೆಂಕಿಯ ಬಣ್ಣದಲ್ಲಿ ಹೊಳೆಯುತ್ತಾ ಬರುವ ಪಂಜಾಬಿನ ಕಿನ್ನೊ ಕಿತ್ತಳೆ ಇದೆಯಲ್ಲ, ಅದು ಈ ಕಹಿಗೆ ಹೆಸರುವಾಸಿ. ಬೀಜವೂ ರಾಶಿ. ತಿನ್ನಲು ಸರಿ. ಇದಕ್ಕೆ ತಂದರೆ ಹಿಂಡಿದ ತಕ್ಷಣ ಕುಡಿದು ಮುಗಿಸಬೇಕು. ಚಕ್ಕೋತ ಸಿಕ್ಕರೆ ಬಿಡಬೇಡಿ, ಅದರ ಕಹಿ ಬೇರೆ ಜಾತಿ. ಮೊದಲ ಗುಟುಕಿನಲ್ಲೇ ಮುಖಕ್ಕೆ ಹೇಳಿಬಿಡುತ್ತದೆ, ಕಿತ್ತಳೆಯ ಹಾಗೆ ರಾತ್ರಿ ಕಾದು ಬೆನ್ನಿಗೆ ಚುಚ್ಚುವುದಿಲ್ಲ. ಪೊರೆ ಪೂರ್ತಿ ಬಿಡಿಸಿ ಎಸಳು ಮಾತ್ರ ಹಿಂಡಿ. ದೊಡ್ಡಪತ್ರೆ ಹಾಕಬಹುದಾ ಎಂದೂ ಕೇಳಿದ್ದೀರಿ. ನನಗೆ ಅದು ತಂಬುಳಿಯಲ್ಲೇ ಇಷ್ಟ.

ಮೂರನೇ ಬಾಟಲಿ ಸಿರಪ್ ಇನ್ನೂ ಫ್ರಿಜ್‌ನಲ್ಲಿದೆ ಎಂದಿದ್ದೀರಿ. ಚೆಲ್ಲಬೇಡಿ. ಈಗಲೇ ಎದ್ದು ಹೋಗಿ ಅದನ್ನು ಮಾತ್ರ ಒಂದು ಚಮಚ ನೆಕ್ಕಿ ನೋಡಿ. ಆಮೇಲೆ ಪಕ್ಕದಲ್ಲಿರುವ ಆ ರಸದ ಜಗ್‌ನಿಂದ ಒಂದು ಚಮಚ. ಯಾವುದು ಕಹಿ ಅಂತ ಇಲ್ಲೇ ಕೆಳಗೆ ಬರೆಯಿರಿ.